ಒಂದು ಟ್ರ್ಯಾಕಿಗೆ ಒಂದೇ ದನಿ

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಿ ಮಿಕ್ಸಿಂಗಿಗೆಂದು ನನಗೆ ಕಳುಹಿಸುವವರಲ್ಲಿ ಹಲವರದು ಒಂದೇ ಕೋರಿಕೆ: ‘ತಬಲಾ ಸ್ವಲ್ಪ ತಗ್ಗಿಸಿ, ದನಿ ಮುಂದೆ ತನ್ನಿ.’ ಫೈಲು ತೆರೆದು ನೋಡಿದರೆ ಗಾಯಕಿಯ ದನಿ, ಮೊಬೈಲಿನ ಸ್ಪೀಕರಿನಿಂದ ಬಂದ ತಂಬೂರಿ, ತಬಲಾ, ಜೊತೆಗೆ ಫ್ಯಾನಿನ ಸದ್ದು ಎಲ್ಲವೂ ಒಂದೇ ಟ್ರ್ಯಾಕಿನಲ್ಲಿ ಬೆರೆತು ಕುಳಿತಿರುತ್ತವೆ. ಬೆರೆತದ್ದನ್ನು ಬೇರ್ಪಡಿಸುವ ತಂತ್ರಾಂಶಗಳು ಈಗ ಬಂದಿವೆಯಾದರೂ ಗಮಕದ ನಯ ಅಲ್ಲಲ್ಲಿ ಸವೆದಿರುವುದು ನನ್ನ ಕಿವಿಗೆ ತಿಳಿಯುತ್ತದೆ.

ಟ್ರ್ಯಾಕ್ ಎಂದರೆ ಒಂದು ದನಿಗೆ ಮೀಸಲಿಟ್ಟ ಸಾಲು; ಪಕ್ಕದ ಸಾಲನ್ನು ಮುಟ್ಟದೆ ಅದರ ಮಟ್ಟವನ್ನೂ ಎಡಬಲದ ಸ್ಥಾನವನ್ನೂ ಬದಲಿಸಬಹುದು. ಈ ಹೆಸರು ಟೇಪಿನ ಕಾಲದ್ದು. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ತರಿಸಿಕೊಂಡ ಯಂತ್ರದಲ್ಲಿ ಒಂದಿಂಚು ಅಗಲದ ಟೇಪಿನ ಮೇಲೆ 8 ಟ್ರ್ಯಾಕುಗಳು ಅಕ್ಕಪಕ್ಕದಲ್ಲಿ ಓಡುತ್ತಿದ್ದವು. ಇಂದಿನ ಆಡಾಸಿಟಿ, ರೀಪರ್‌ನಂಥ ರೆಕಾರ್ಡಿಂಗ್ ತಂತ್ರಾಂಶಗಳಲ್ಲಿ ಅಂಥ ಇಕ್ಕಟ್ಟಿಲ್ಲ. ಆದ್ದರಿಂದ ತಂಬೂರಿಗೊಂದು, ತಾಳಕ್ಕೊಂದು ಟ್ರ್ಯಾಕ್ ಮೊದಲೇ ಹಾಕಿಟ್ಟು, ಅವನ್ನು ಹೆಡ್‌ಫೋನಿನಲ್ಲಿ ಕೇಳುತ್ತ ಮೂರನೆಯದರಲ್ಲಿ ಹಾಡಬೇಕು. ತಮ್ಮ ದನಿ ತಮಗೇ ಕೇಳದೆ ಶ್ರುತಿ ಜಾರುತ್ತದೆ ಎನ್ನುವವರು ಒಂದು ಕಿವಿಯನ್ನು ತೆರೆದಿಟ್ಟುಕೊಳ್ಳಲಿ, ಆದರೆ ಆ ಬದಿಯ ಸದ್ದು ಮೈಕಿಗೆ ಸೋರದಂತೆ ನೋಡಿಕೊಳ್ಳಲಿ.

‘ದನಿ ಎಡಗಿವಿಗೆ ಮಾತ್ರ ಬರುತ್ತಿದೆ, ಮೈಕ್ ಕೆಟ್ಟಿದೆಯೇ?’ ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಮೈಕ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸಿನ ಮೊದಲ ಕಿಂಡಿಗೆ ಒಂದೇ ಮೈಕ್ ಸಿಕ್ಕಿಸಿ, ತಂತ್ರಾಂಶದಲ್ಲಿ ಎಡ, ಬಲ ಎರಡೂ ಬದಿಗಳಿರುವ ಸ್ಟೀರಿಯೋ ಟ್ರ್ಯಾಕ್ ಆರಿಸಿದರೆ, ಎರಡನೆಯ ಕಿಂಡಿಯ ಮೌನವೇ ಬಲಬದಿಯಾಗಿ ದಾಖಲಾಗುತ್ತದೆ. ಒಂದು ಮೈಕಿಗೆ ಮೋನೋ, ಅಂದರೆ ಒಂಟಿ ಸಾಲಿನ ಟ್ರ್ಯಾಕ್ ಸಾಕು. 24 ಬಿಟ್, 44.1 ಕಿಲೋಹರ್ಟ್ಸಿನ ಗುಣಮಟ್ಟದಲ್ಲಿ ಅದು ನಿಮಿಷಕ್ಕೆ ಸುಮಾರು 8 ಎಂಬಿ ಜಾಗ ಹಿಡಿಯುತ್ತದೆ, ಸ್ಟೀರಿಯೋ ಆದರೆ ಅದರ ಇಮ್ಮಡಿ.

ಕೀಬೋರ್ಡಿನಂಥ ವಾದ್ಯದಿಂದ ಕಂಪ್ಯೂಟರಿಗೆ ಬರುವ ಸೂಚನೆಗಳನ್ನು ಹಿಡಿದಿಡುವ ಮಿಡಿ ಟ್ರ್ಯಾಕಿನ ಜಾತಿಯೇ ಬೇರೆ. ಅದರಲ್ಲಿ ಸದ್ದು ಇರುವುದೇ ಇಲ್ಲ; ಯಾವ ಮನೆಯನ್ನು ಯಾವಾಗ, ಎಷ್ಟು ಬಿರುಸಾಗಿ ಒತ್ತಿ, ಯಾವಾಗ ಬಿಟ್ಟಿರಿ ಎಂಬ ಟಿಪ್ಪಣಿಯಷ್ಟೇ ಇರುತ್ತದೆ. ಕೀಬೋರ್ಡಿನಲ್ಲಿ ಐದು ಮನೆ ಶ್ರುತಿಗೆ ನುಡಿಸಿದ್ದನ್ನು ಗಾಯಕಿಗೆ ಐದೂವರೆ ಬೇಕೆಂದಾಗ ಟಿಪ್ಪಣಿಯಲ್ಲಿ ಅರ್ಧ ಸ್ವರ ಏರಿಸಿದರಾಯಿತು, ನಾದಕ್ಕೆ ಧಕ್ಕೆಯಿಲ್ಲ. ಹಾಡಿದ ದನಿಯನ್ನು ಹಾಗೆ ಏರಿಸಹೊರಟರೆ ಮೊದಲು ಕೆಡುವುದು ಉಸಿರಿನ ಸಹಜತೆ. ಅಂಥಲ್ಲಿ ಮತ್ತೊಮ್ಮೆ ಹಾಡಿಸುವುದನ್ನೇ ನಾನು ಒತ್ತಾಯಿಸುತ್ತೇನೆ.