ಸಂಸ್ಕೃತೀಕರಣ ಅಂದರೆ ಬ್ರಾಹ್ಮಣರಾಗುವುದಾ?

ಪ್ರಶ್ನೆ: ಸಾರ್, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹೇಳಿದ ಸಂಸ್ಕೃತೀಕರಣ ಅಂದರೆ ಕೆಳಜಾತಿಯವರು ಮಾಂಸ ಬಿಟ್ಟು, ಜನಿವಾರ ಹಾಕಿಕೊಂಡು ಬ್ರಾಹ್ಮಣರ ಹಾಗೆ ಆಗಬೇಕು ಅಂತ ತಾನೇ? ಪರೀಕ್ಷೆಯಲ್ಲಿ ಹಾಗೇ ಬರೆಯಬಹುದಾ?

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಪಿಯುಸಿ ಮಕ್ಕಳು ಕೇಳುತ್ತಾರೆ, ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆ ಕೆ-ಸೆಟ್‌ಗೆ ಓದುವವರು ಕೇಳುತ್ತಾರೆ. ಮೊನ್ನೆ ಮಂಡ್ಯ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ನನ್ನ ಹಳೆಯ ವಿದ್ಯಾರ್ಥಿಯೂ ಕೇಳಿದ. ಈಗ ಅವನೇ ಸಮಾಜಶಾಸ್ತ್ರದ ಮೇಷ್ಟ್ರು! ಗೈಡಿನಲ್ಲಿ ಒಂದು ಸಾಲು ಇದೆ, ಎಲ್ಲರೂ ಅದನ್ನೇ ಉರು ಹೊಡೆಯುತ್ತಾರೆ. ನನಗೆ ಬೇಜಾರಾಗುವುದು ಯಾಕೆ ಅಂದರೆ, ಶ್ರೀನಿವಾಸ್ ಎಲ್ಲೋ ದೂರದವರಲ್ಲ. ಅವರ ಪೂರ್ವಿಕರದು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬೈ, ಆಕ್ಸ್‌ಫರ್ಡ್ ಎಲ್ಲ ಸುತ್ತಿ, ಕೊನೆಗೆ ನಮ್ಮದೇ ಸೀಮೆಯ ಹಳ್ಳಿಯೊಂದರಲ್ಲಿ ಕೂತು ಬರೆದವರು. ಅವರು ಹೇಳಿದ್ದಕ್ಕೆಲ್ಲ ಉದಾಹರಣೆ ನಮ್ಮ ಜಗಲಿಯಿಂದಲೇ ಕಾಣುತ್ತದೆ. ಆದರೂ ನಾವೇ ತಪ್ಪಾಗಿ ಓದುತ್ತೇವೆ.

ಹಾಗೆ ಬರೆಯಬೇಡಿ. ಅಂಕ ಸಿಕ್ಕರೂ ಅದು ತಪ್ಪು. ನಿಮ್ಮ ವಾಕ್ಯದಲ್ಲಿ ಎರಡು ತಪ್ಪಿವೆ. ಒಂದು 'ಬ್ರಾಹ್ಮಣರ ಹಾಗೆ', ಇನ್ನೊಂದು 'ಆಗಬೇಕು'. ಮೊದಲನೆಯದೇ ಹಟಮಾರಿ ತಪ್ಪು. ಅದನ್ನು ಸ್ವಲ್ಪ ನಿಧಾನವಾಗಿಯೇ ಬಿಡಿಸುತ್ತೇನೆ.

ಈ ತಪ್ಪಿಗೆ ಒಂದು ಮೂಲ ಇದೆ, ಸುಮ್ನೆ ಹುಟ್ಟಿದ್ದಲ್ಲ. 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಶ್ರೀನಿವಾಸರ ಪುಸ್ತಕ ಬಂತು. ಕೆಳಗಿನ ಜಾತಿಯೊಂದು ಮಾಂಸ, ಮದ್ಯ ಬಿಟ್ಟು, ತನ್ನ ಆಚರಣೆ ಮತ್ತು ದೇವರುಗಳನ್ನು ಸಂಸ್ಕೃತೀಕರಿಸಿಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನಕ್ಕೆ ಏರಬಹುದು ಅಂತ ಅದರಲ್ಲಿ ಬರೆದರು. ಆದಷ್ಟು ಬ್ರಾಹ್ಮಣರ ಪದ್ಧತಿಗಳನ್ನೇ ತೆಗೆದುಕೊಳ್ಳುತ್ತಾರೆ ಅಂತಲೂ ಸೇರಿಸಿದರು. ಗೈಡುಗಳು ಓದುವುದು ಇಲ್ಲಿಗೇ ನಿಲ್ಲುತ್ತದೆ. ಶ್ರೀನಿವಾಸ್ ಮಾತ್ರ ಇಲ್ಲಿಗೆ ನಿಲ್ಲಲಿಲ್ಲ. 1956ರ ಪ್ರಬಂಧದಲ್ಲಿ ಅದೇ ಮಾತನ್ನು ಮತ್ತೆ ಕೈಗೆತ್ತಿಕೊಂಡರು. 1966ರ ಪುಸ್ತಕದಲ್ಲಿ, ನಾನು ಬ್ರಾಹ್ಮಣ ಮಾದರಿಗೆ ಅತಿಯಾಗಿ ಒತ್ತು ಕೊಟ್ಟೆ, ಕ್ಷತ್ರಿಯ, ವೈಶ್ಯ, ಶೂದ್ರ ಮಾದರಿಗಳನ್ನು ಗಮನಿಸಲಿಲ್ಲ ಅಂತ ತಾವೇ ಒಪ್ಪಿಕೊಂಡರು. ಕ್ಷತ್ರಿಯ ಮಾದರಿಯನ್ನು ತೋರಿಸಿಕೊಟ್ಟ ಪೊಕಾಕ್ ಎಂಬ ವಿದ್ವಾಂಸರ ಹೆಸರನ್ನೂ ಹೇಳಿದರು. ಇಷ್ಟು ದೊಡ್ಡ ಹೆಸರು ಮಾಡಿದ ಮೇಲೆ ಒಬ್ಬರು ತಮ್ಮದೇ ಮಾತನ್ನು ಹೀಗೆ ತಿದ್ದಿಕೊಳ್ಳುವುದು ನೋಡಿದರೆ ನನಗೆ ಈಗಲೂ ಹೆಮ್ಮೆಯಾಗುತ್ತದೆ. ತರಗತಿಯಲ್ಲಿ ಆ ಭಾಗ ಬಂದಾಗ ಎರಡು ಸಲ ಓದಿ ಹೇಳುತ್ತಿದ್ದೆ.

ತಿದ್ದಿದ ಮೇಲೆ ಅರ್ಥ ಹೀಗಿದೆ: ಕೆಳಗಿನ ಸ್ಥಾನದಲ್ಲಿರುವ ಒಂದು ಜಾತಿ, ಬುಡಕಟ್ಟು ಅಥವಾ ಬೇರೆ ಗುಂಪು ತನ್ನ ಆಚಾರ, ವಿಧಿ, ನಂಬಿಕೆ, ಬದುಕುವ ರೀತಿಯನ್ನು ಮೇಲಿನ ಒಂದು ಜಾತಿಯ ಕಡೆಗೆ ಬದಲಿಸಿಕೊಳ್ಳುವುದು. ಆ ಮೇಲಿನ ಜಾತಿ ಎಷ್ಟೋ ಸಲ 'ದ್ವಿಜ' ಜಾತಿ, ಅಂದರೆ ಉಪನಯನ ಮಾಡಿ ಜನಿವಾರ ಹಾಕುವ ಜಾತಿ, ಆಗಿರುತ್ತದೆ. 'ಎಷ್ಟೋ ಸಲ' ಅನ್ನುವುದನ್ನು ಕೆಂಪು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಯಾವಾಗಲೂ ಅಂತ ಅವರು ಹೇಳಿಲ್ಲ. 'ಬ್ರಾಹ್ಮಣೀಕರಣ' ಅನ್ನುವ ಪದವನ್ನು ಬೇಕೆಂದೇ ಬಿಟ್ಟು 'ಸಂಸ್ಕೃತೀಕರಣ' ಅನ್ನುವ ಪದ ಆರಿಸಿಕೊಂಡದ್ದೂ ಇದಕ್ಕೇ. ಅಂದ ಹಾಗೆ, ಸಂಸ್ಕೃತ ಭಾಷೆ ಕಲಿಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದನ್ನೂ ವರ್ಷಕ್ಕೆ ಒಬ್ಬರಾದರೂ ಕೇಳುತ್ತಾರೆ.

ಆ 1952ರ ಪುಸ್ತಕ ಯಾರ ಬಗ್ಗೆ ಅಂತ ಯಾರೂ ಯೋಚಿಸುವುದಿಲ್ಲ. ಕೊಡವರ ಬಗ್ಗೆ ಅಲ್ವಾ? ಅವರ ಮದುವೆಯೂಟದಲ್ಲಿ ಹಂದಿ ಮಾಂಸ ಇರಲೇಬೇಕು. ಮದ್ಯ ಅಲ್ಲಿ ನಿಷಿದ್ಧ ಅಲ್ಲ. ತಮ್ಮನ್ನು ಕ್ಷತ್ರಿಯರು ಅಂತ ಹೇಳಿಕೊಳ್ಳುವ, ಕೋವಿ, ಪೀಚೆಕತ್ತಿಯನ್ನು ಹೆಮ್ಮೆಯಿಂದ ಹಿಡಿಯುವ ಜನ. ಮಾಂಸ ಬಿಡುವುದೇ ಎತ್ತರಕ್ಕೆ ಏಣಿ ಆಗಿದ್ದರೆ ಆ ಪುಸ್ತಕ ಅವರ ಬಗ್ಗೆ ಬರೆಯಲು ಆಗುತ್ತಲೇ ಇರಲಿಲ್ಲ.

ಈಗ ನಮ್ಮ ಮಂಡ್ಯಕ್ಕೆ ಬನ್ನಿ. ಹೋದ ತಿಂಗಳು ಮದ್ದೂರಿನ ಹತ್ತಿರ ಒಂದು ಒಕ್ಕಲಿಗರ ಮದುವೆಗೆ ಹೋಗಿದ್ದೆ. ಛತ್ರದಲ್ಲಿ ಪುರೋಹಿತರು, ಮಂತ್ರ, ಹೋಮ. ಬಾಳೆ ಎಲೆಗೆ ಕೋಸಂಬರಿ, ಪಲ್ಯ, ಹೋಳಿಗೆ, ಪಾಯಸ. ಒಂದು ಮೊಟ್ಟೆಯೂ ಇಲ್ಲ. ಇಷ್ಟನ್ನೇ ನೋಡಿ ಎದ್ದು ಹೋದವನು 'ನೋಡಿ, ಸಂಸ್ಕೃತೀಕರಣ' ಅಂತ ಬರೆದುಬಿಡುತ್ತಾನೆ. ಆದರೆ ಎರಡು ದಿನ ಬಿಟ್ಟು ಬೀಗರೂಟ. ಮನೆ ಮುಂದೆ ಶಾಮಿಯಾನ, ಹಿತ್ತಲಲ್ಲಿ ದೊಡ್ಡ ಹಂಡೆ, ಮುದ್ದೆ ತೊಳಸುವ ಕೋಲಿನ ಸದ್ದು. ಎಲೆಗೆ ಮುದ್ದೆ ಬಿತ್ತು, ಮಟನ್ ಸಾರು ಬಿತ್ತು, ಬೋಟಿ ಗೊಜ್ಜು ಬಿತ್ತು. ಮನೆಯ ಯಜಮಾನರು ಪಂಕ್ತಿಯ ಮಧ್ಯೆ ಓಡಾಡುತ್ತಾ, 'ಇನ್ನೊಂದ್ ಮುದ್ದೆ ಹಾಕುಸ್ಕಳಿ ಮೇಷ್ಟ್ರೇ, ನಾಚ್ಕಬೇಡಿ' ಅಂತ ಉಪಚಾರ ಮಾಡುತ್ತಿದ್ದರು. ಅವರ ಮುಖದಲ್ಲಿ ಸಂಕೋಚದ ಗೆರೆಯೂ ಇರಲಿಲ್ಲ. ಯಾಕಿರಬೇಕು? ಜಮೀನು ಅವರದು, ಡೇರಿಯಲ್ಲಿ ಅವರ ಮಾತು ನಡೆಯುತ್ತದೆ, ಪಂಚಾಯ್ತಿಯಲ್ಲೂ ಅವರೇ. ತಾವು ಎಲ್ಲಿ ನಿಂತಿದ್ದೇವೆ ಅಂತ ತೋರಿಸಲು ಅವರು ಕುರಿ ಮಾಂಸ ಬಿಡಬೇಕಾಗಿಲ್ಲ.

ಇಂಥವರಿಗೆ ಶ್ರೀನಿವಾಸ್ ಕೊಟ್ಟ ಹೆಸರು 'ಪ್ರಬಲ ಜಾತಿ'. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಜನಸಂಖ್ಯೆ, ಭೂಮಿ, ಊರಿನಲ್ಲಿ ಅಧಿಕಾರ. ಆಮೇಲೆ ಇಂಗ್ಲಿಷ್ ಓದು, ನೌಕರಿಯನ್ನೂ ಸೇರಿಸಿದರು. 1959ರಲ್ಲಿ ಇದರ ಮೇಲೆ ಬರೆದ ಪ್ರಬಂಧದ ಊರು ರಾಂಪುರ. ಅದು ಬರಹಕ್ಕೆ ಇಟ್ಟ ಹೆಸರು, ನಿಜವಾದ ಊರು ಕೊಡಗಹಳ್ಳಿ. 1948ರಲ್ಲಿ ಅವರು ಅಲ್ಲಿ ಎತ್ತುಗಳನ್ನು ಕಟ್ಟುವ ಮನೆಯಲ್ಲೇ ಬಿಡಾರ ಮಾಡಿದ್ದರು. ಒಂದು ದಿನ ಸ್ನಾನ ಆದ ಮೇಲೆ ಗಡ್ಡ ಹೆರೆದುಕೊಂಡರು. ಊರಿನ ಒಕ್ಕಲಿಗ ಯಜಮಾನರು ಅದನ್ನು ಕಂಡು, ಮೊದಲು ಕ್ಷೌರ, ಆಮೇಲೆ ಸ್ನಾನ, ಬ್ರಾಹ್ಮಣರಿಗೆ ಅಷ್ಟೂ ಗೊತ್ತಾಗಬೇಡವೇ ಅನ್ನುವ ಅರ್ಥದಲ್ಲಿ ಗದರಿದರಂತೆ. ಬ್ರಾಹ್ಮಣನಿಗೆ ಬ್ರಾಹ್ಮಣನ ಆಚಾರ ಹೇಳಿಕೊಟ್ಟವರು ಮಾಂಸ ತಿನ್ನುವ ಯಜಮಾನರು. ಊರಿನಲ್ಲಿ ಯಾರ ಮಾತು ನಡೆಯುತ್ತಿತ್ತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಅಂಥ ಊರಿನಲ್ಲಿ ಸಣ್ಣ ಜಾತಿಗಳು ಯಾರನ್ನು ನೋಡಿ ನಡೆ, ನುಡಿ, ಮದುವೆಯ ವೈಭವ ಕಲಿಯುತ್ತವೆ? ಅಗ್ರಹಾರದವರನ್ನೇ ನೋಡಿ ಕಲಿಯಬೇಕೆಂದಿಲ್ಲ. ಗೌಡರ ಮನೆಯೇ ಮಾದರಿಯಾಗಬಹುದು.

ಉಲ್ಟಾ ಉದಾಹರಣೆಯೂ ಇದೆ. ಹಳೆಯ ಮೈಸೂರಿನ ಅಕ್ಕಸಾಲಿ, ಕಮ್ಮಾರ, ಬಡಗಿ ಕುಲದವರು ಜನಿವಾರ ಧರಿಸಿ, ವಿಶ್ವಕರ್ಮ ಬ್ರಾಹ್ಮಣರು ಅಂತ ಕರೆದುಕೊಂಡು, ಆಚರಣೆಗಳನ್ನು ಬಹಳ ಹಿಂದೆಯೇ ಬದಲಿಸಿಕೊಂಡವರು. ಆದರೂ ಬೇರೆ ಜಾತಿಗಳು ಅವರಿಗೆ ಆ ಸ್ಥಾನ ಕೊಡಲಿಲ್ಲ ಅಂತ ಶ್ರೀನಿವಾಸ್ 1956ರಲ್ಲೇ ಬರೆದಿದ್ದಾರೆ. ಆಚಾರ ಒಂದರಿಂದಲೇ ಸ್ಥಾನ ಸಿಗುವುದಿಲ್ಲ. ಅದರ ಬೆನ್ನಿಗೆ ಭೂಮಿ, ಹಣ, ಅಧಿಕಾರ ಇರಬೇಕು.

ಇನ್ನು ಎರಡನೇ ತಪ್ಪು, 'ಆಗಬೇಕು' ಅನ್ನುವುದು. ಶ್ರೀನಿವಾಸ್ ಯಾರಿಗೂ ಹೀಗೆ ಮಾಡಿ ಅಂತ ಹೇಳಲಿಲ್ಲ. ಕಂಡದ್ದನ್ನು ಬರೆದರು. ಜೊತೆಗೆ ಅದರ ಮಿತಿಯನ್ನೂ ಹೇಳಿದರು: ಸ್ಥಾನ ಬದಲಾಗುತ್ತದೆ, ರಚನೆ ಬದಲಾಗುವುದಿಲ್ಲ. ಪಂಕ್ತಿಯಲ್ಲಿ ಒಬ್ಬರು ನಾಲ್ಕು ಎಲೆ ಮುಂದೆ ಹೋಗಿ ಕೂತರು ಅಂದುಕೊಳ್ಳಿ. ಪಂಕ್ತಿ ಹಾಗೇ ಇರುತ್ತದೆ, ಪಂಕ್ತಿಗೇ ಸೇರಿಸಿಕೊಳ್ಳದವರು ಹೊರಗೇ ಇರುತ್ತಾರೆ. ಅಸ್ಪೃಶ್ಯತೆಯ ಗೋಡೆಯನ್ನು ಈ ದಾರಿಯಲ್ಲಿ ದಾಟಲು ಆಗಲಿಲ್ಲ ಅಂತ ಅವರೇ ಹೇಳಿದ್ದಾರೆ. ಇದೇ ಕಾರಣಕ್ಕೆ ಅವರ ನೋಟ ಮೇಲ್ಜಾತಿಯ ಕಡೆಯಿಂದ ಕಂಡ ನೋಟ ಅಂತ ದಲಿತ ಚಿಂತಕರು ಟೀಕಿಸಿದರು. ಆ ಟೀಕೆಯಲ್ಲಿ ಸತ್ಯ ಇದೆ, ಅದನ್ನೂ ಉತ್ತರದಲ್ಲಿ ಬರೆಯಿರಿ. ಇನ್ನೊಂದು ವಿಷಯ ಗೈಡುಗಳಲ್ಲಿ ಇರುವುದೇ ಇಲ್ಲ. ಶ್ರೀನಿವಾಸ್ ಹುಟ್ಟಿದ ವರ್ಷವೇ, 1916ರ ಮೇ ತಿಂಗಳಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಂಬೇಡ್ಕರ್ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಮೇಲಿನವರ ಅನುಕರಣೆಯಿಂದ ಜಾತಿ ಹೇಗೆ ಹರಡಿತು ಅಂತ ಅದರಲ್ಲಿದೆ. ಆಗ ಅವರಿಗೆ ಇಪ್ಪತ್ತೈದು ವರ್ಷ.

ಸಂಸ್ಕೃತೀಕರಣದ ಬೆಲೆ ತೆತ್ತವರು ಜಾಸ್ತಿ ಹೆಣ್ಣುಮಕ್ಕಳು. ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ಕೂಡಾವಳಿ ಇತ್ತು. ಗಂಡ ಸತ್ತವಳು, ಬಿಟ್ಟವಳು ಮತ್ತೆ ಸಂಸಾರ ಕಟ್ಟಬಹುದಿತ್ತು. ಮದುವೆಗೆ ಗಂಡಿನ ಕಡೆಯವರು ಹೆಣ್ಣಿನ ಕಡೆಗೆ ತೆರ, ಅಂದರೆ ವಧುದಕ್ಷಿಣೆ, ಕೊಡುತ್ತಿದ್ದರು. ಮರ್ಯಾದಸ್ಥರು ಅನ್ನಿಸಿಕೊಳ್ಳಬೇಕು ಅಂತ ಮನೆತನಗಳು ಕೂಡಾವಳಿಯನ್ನು ಕೈಬಿಟ್ಟವು. ತೆರ ಹೋಗಿ ವರದಕ್ಷಿಣೆ ಬಂತು. ವರದಕ್ಷಿಣೆಗೆ ಹುಡುಗರ ಓದು, ಸರ್ಕಾರಿ ನೌಕರಿಯೂ ಕಾರಣ. ಶ್ರೀನಿವಾಸ್ 1984ರಲ್ಲಿ ಅದರ ಬಗ್ಗೆ ಬೇರೆಯಾಗಿಯೇ ಬರೆದರು. ನಮ್ಮ ಅಜ್ಜಿಯ ಕಾಲದ ಹೆಂಗಸರನ್ನು ಕೇಳಿ ನೋಡಿ, ತೆರದ ಲೆಕ್ಕ ಇನ್ನೂ ಬಾಯಲ್ಲೇ ಇರುತ್ತದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. 'ವೋಟ್ ಬ್ಯಾಂಕ್' ಅನ್ನುವ ಪದ ಇದೆಯಲ್ಲ, ದಿನಾ ಟಿವಿಯಲ್ಲಿ ಕೇಳುವುದು, ಅದನ್ನು ಬಳಕೆಗೆ ತಂದವರೂ ಇವರೇ. 1955ರಲ್ಲಿ ಮೈಸೂರು ಹಳ್ಳಿಯ ಸಮಾಜ ವ್ಯವಸ್ಥೆಯ ಬಗ್ಗೆ ಬರೆದ ಪ್ರಬಂಧದಲ್ಲಿ ಅದು ಬರುತ್ತದೆ. ದೇಶದ ಮೊದಲ ಮಹಾಚುನಾವಣೆ ಮುಗಿದ ವರ್ಷವೇ, 1952ರ ಬೇಸಿಗೆಯಲ್ಲಿ, ಅವರು ಮತ್ತೆ ಕೊಡಗಹಳ್ಳಿಗೆ ಹೋಗಿದ್ದರು. ಆಗ ಆ ಪದದ ಅರ್ಥ ಈಗಿನ ಹಾಗೆ ಒಂದು ಜಾತಿ, ಒಂದು ಧರ್ಮ ಅಂತ ಇರಲಿಲ್ಲ. ಊರಿನ ದೊಡ್ಡ ಜಮೀನ್ದಾರ, ಅವನ ಗೇಣಿದಾರರು, ಆಳುಗಳು, ಸಾಲ ತೆಗೆದುಕೊಂಡವರು. ಯಜಮಾನ ಯಾರಿಗೆ ಅನ್ನುತ್ತಾನೋ ಅವರೆಲ್ಲರ ವೋಟು ಅವರಿಗೆ. ಅಭ್ಯರ್ಥಿ ಮನೆಮನೆ ತಿರುಗಬೇಕಿರಲಿಲ್ಲ. ಒಂದು ಜಗಲಿ ಹತ್ತಿದರೆ ಸಾಕಿತ್ತು.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶ್ರೀನಿವಾಸರ ಕೋಣೆಗೆ ಬೆಂಕಿ ಬಿತ್ತು. ವರ್ಷಗಟ್ಟಲೆ ಕೂತು ಸಿದ್ಧಮಾಡಿದ್ದ ಆ ಊರಿನ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದ ಬರೆಯಿರಿ ಅಂತ ಸಾಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು ಹೇಳಿದರು. ಹಾಗೆ ಬರೆದ ಪುಸ್ತಕ 1976ರಲ್ಲಿ ಬಂತು. ಎತ್ತಿನ ಮನೆ, ಗದ್ದೆ, ಯಜಮಾನರು, ಊರಿನ ಜಗಳಗಳು ಎಲ್ಲ ಅದರಲ್ಲಿವೆ. ನಿಮಗೆ ಪರೀಕ್ಷೆಗೆ ಬೇಕಾದದ್ದು 1966ರ ಪುಸ್ತಕ, ಮೊದಲ ಅಧ್ಯಾಯವೇ ಸಂಸ್ಕೃತೀಕರಣ. ಆದರೆ ಪರೀಕ್ಷೆ ಮುಗಿದ ದಿನ ಈ 1976ರದನ್ನು ತೆಗೆದುಕೊಂಡು ಕೂತುಕೊಳ್ಳಿ.