ಸ್ಟೀಲ್ ಹಾಕಿದ್ರೆ ಆಯ್ತಾ? ಮೊದಲು ಸ್ಕ್ರೂ ಬುಡ ನೋಡಿ

ಕಾರವಾರ, ಅಂಕೋಲಾ ಕಡೆ ಒಣಮೀನಿಗೆ ಸೋಲಾರ್ ಡ್ರೈಯರ್ ಮಾಡ್ತೀವಿ ಅಂತ ಹೊರಡೋ ಹುಡುಗರು ಮೊದಲು ತಲೆಕೆಡಿಸ್ಕೊಳ್ಳೋದು ಬಿಸಿಲಿನ ಬಗ್ಗೆ, ಗಾಜು ಎಷ್ಟು ಓರೆ ಇರ್ಬೇಕು, ಫ್ಯಾನ್ ಎಷ್ಟು ವ್ಯಾಟ್ಸು, ಒಳಗೆ ಎಷ್ಟು ಡಿಗ್ರಿ ಬರುತ್ತೆ ಅಂತ. ಕಪ್ಪು ಬಳಿದ ತಗಡು ಬಿಸಿಲಲ್ಲಿಟ್ರೆ ಹೇಗಿದ್ರೂ ಕಾಯುತ್ತೆ. ನಮ್ಮ ಕರಾವಳಿಲಿ ಮಷಿನ್ ಹಾಳು ಮಾಡೋದು ಉಪ್ಪು. ಅದನ್ನ ಹೇಳಿದ್ರೆ "ಸ್ಟೇನ್‌ಲೆಸ್ ಸ್ಟೀಲ್ ಹಾಕಿದೀವಲ್ಲ, ತುಕ್ಕು ಎಲ್ಲಿಂದ ಬರುತ್ತೆ" ಅಂತಾರೆ.

ಬರುತ್ತೆ. ಪಾತ್ರೆ ಮಾಡೋ 304 ಗ್ರೇಡ್ ಸ್ಟೀಲಲ್ಲಿ ಸುಮಾರು 18% ಕ್ರೋಮಿಯಂ ಇರುತ್ತೆ, ಅದು ಆಮ್ಲಜನಕದ ಜೊತೆ ಸೇರಿ ಕೆಲವೇ ನ್ಯಾನೋಮೀಟರ್ ದಪ್ಪದ ಒಂದು ಪೊರೆ ಕಟ್ಟುತ್ತೆ, ಗೀರು ಬಿದ್ರೂ ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಕೊಳ್ಳುತ್ತೆ. ಉಪ್ಪಿನ ಕ್ಲೋರೈಡ್ ಆ ಪೊರೆಯ ದುರ್ಬಲ ಜಾಗ ಹುಡುಕಿ ಒಳಗೆ ನುಗ್ಗುತ್ತೆ. ಸ್ಕ್ರೂ ತಲೆ ಕೆಳಗಿನ ಸಂದಿ ತಗೊಳ್ಳಿ, ಅಲ್ಲಿ ನೀರು ನಿಲ್ಲುತ್ತೆ ಆದ್ರೆ ಆಮ್ಲಜನಕ ಬೇಗ ಖಾಲಿ, ಪೊರೆ ರಿಪೇರಿ ಆಗೋಕೆ ದಾರಿನೇ ಇಲ್ಲ. ಕರಗಿದ ಲೋಹದ ಅಯಾನುಗಳು ನೀರಿನ ಜೊತೆ ವರ್ತಿಸಿ ಆಮ್ಲ ಹುಟ್ಟಿಸ್ತವೆ, ಅವುಗಳ ಧನ ವಿದ್ಯುದಂಶ ಹೊರಗಿನಿಂದ ಇನ್ನಷ್ಟು ಕ್ಲೋರೈಡ್ ಎಳ್ಕೊಳ್ಳುತ್ತೆ, ಆಮ್ಲ ಜಾಸ್ತಿ ಆದಷ್ಟೂ ಲೋಹ ಕರಗುತ್ತೆ, ಲೋಹ ಕರಗಿದಷ್ಟೂ ಆಮ್ಲ ಜಾಸ್ತಿ. ಹುಳುಕು ಹಲ್ಲಿನ ಥರಾನೇ, ಮೇಲೆ ಸೂಜಿಮೊನೆಯಷ್ಟು ಚುಕ್ಕೆ, ಒಳಗೆ ಪೊಳ್ಳು.

ಇನ್ನೊಂದು ವಿಷಯ ನನಗೆ ಯಾವಾಗಲೂ ಬೆರಗು. ಮಳೆಗೆ ನೆನೆಯೋ ಭಾಗಕ್ಕಿಂತ ಸೂರಿನ ಕೆಳಗಿನ ಭಾಗಕ್ಕೇ ಎಷ್ಟೋ ಸಲ ಬೇಗ ಕಲೆ ಹಿಡಿಯುತ್ತೆ, ಯಾಕಂದ್ರೆ ಮಳೆ ಉಪ್ಪನ್ನ ತೊಳೆದು ಹಾಕುತ್ತೆ, ಸೂರಿನಡಿ ಅದು ಕೂತೇ ಇರುತ್ತೆ. ಮಳೆ ಬೀಳದಿದ್ರೂ ಉಪ್ಪು ಒದ್ದೆ ಆಗುತ್ತೆ, ಗಾಳಿಯ ತೇವ 75% ದಾಟಿದ್ರೆ ಅಡುಗೆ ಉಪ್ಪು ತಾನಾಗೇ ನೀರಾಗುತ್ತೆ, ಸಮುದ್ರದ ಉಪ್ಪಲ್ಲಿರೋ ಮೆಗ್ನೀಸಿಯಂ ಕ್ಲೋರೈಡಿಗೆ ಅಷ್ಟು ತೇವಾನೂ ಬೇಡ, ಸುಮಾರು 33% ಸಾಕು. ಇಷ್ಟೆಲ್ಲಾ ರಸಾಯನಶಾಸ್ತ್ರ ಸ್ಕ್ರೂ ಬುಡದಲ್ಲೇ ನಡೀತಿರುವಾಗ, ಮಷಿನ್ ಕೆಟ್ರೆ ಯಾರದ್ದೋ ದೃಷ್ಟಿ ತಾಗ್ತು ಅಂತ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟೋದು ನೋಡಿದ್ರೆ ಸಂಕಟ ಆಗುತ್ತೆ, ಕಾರಣ ಹುಡುಕೋದು ಅಲ್ಲಿಗೇ ನಿಂತುಹೋಗುತ್ತೆ.

ತೊಂದರೆ ಗೊತ್ತಾದ್ರೆ ಸಾಲದು, ಬದಲಾಯಿಸೋಕೆ ಆಗೋ ಹೊತ್ತಲ್ಲಿ ಗೊತ್ತಾಗ್ಬೇಕು. ಸ್ವೀಡನ್ನಿನ ವಾಸಾ ಯುದ್ಧನೌಕೆ ಕಟ್ಟಿ ಮುಗಿದ ಮೇಲೆ ಸ್ಥಿರತೆ ನೋಡೋಕೆ 30 ಜನರನ್ನ ಡೆಕ್ ಮೇಲೆ ಆ ಕಡೆ ಈ ಕಡೆ ಓಡಿಸಿದ್ರು, ಹಡಗು ಎಷ್ಟು ವಾಲಿತು ಅಂದ್ರೆ ಮುಳುಗೀತು ಅಂತ ಹೆದರಿ ಪರೀಕ್ಷೆನೇ ನಿಲ್ಲಿಸಿದ್ರು. ಆದ್ರೂ ರಾಜನ ಅವಸರಕ್ಕೆ 1628ರ ಆಗಸ್ಟ್ 10ಕ್ಕೆ ಹೊರಡಿಸಿದ್ರು, ಸುಮಾರು 1,300 ಮೀಟರ್ ಹೋಗಿ ಮಗುಚಿತು. 1870ರ ದಶಕದಲ್ಲಿ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಫ್ರೂಡ್ ಸಣ್ಣ ಮಾದರಿ ಹಡಗುಗಳನ್ನ ನೀರಿನ ತೊಟ್ಟಿಲಿ ಎಳೆದು, ನೀರು ಎಷ್ಟು ತಡೆಯುತ್ತೆ ಅಂತ ಕಟ್ಟೋ ಮೊದಲೇ ಲೆಕ್ಕ ಹಾಕೋ ದಾರಿ ಮಾಡಿಕೊಟ್ಟ. ಮಾದರಿಲಿ ತಪ್ಪು ಕಂಡ್ರೆ ಇನ್ನೊಂದು ಮಾದರಿ ಮಾಡಿದ್ರಾಯ್ತು.

ಡ್ರೈಯರಿಗೂ ಹಾಗೇ ಮಾಡಿ. ಪೂರ್ತಿ ಮಷಿನ್ ಬೇಡ, ಅಂಗೈ ಅಗಲದ ಒಂದು ಪ್ಲೇಟಿಗೆ ನೀವು ಹಾಕ್ಬೇಕಂತಿರೋ ಸ್ಕ್ರೂನೇ ಹಾಕಿ, ಒಂದು ಬದಿ ವೆಲ್ಡ್ ಮಾಡಿ, ಮೀನಿನ ಉಪ್ಪುನೀರು ಸವರಿ, ಕಡಲ ಹತ್ತಿರದ ಯಾವುದಾದ್ರೂ ಮನೆಯ ಸೂರಿನಡಿ ತೂಗುಹಾಕಿ, ಆಗಾಗ ಸ್ಕ್ರೂ ಬಿಚ್ಚಿ ಕೆಳಗೆ ನೋಡಿ. ಲ್ಯಾಬಲ್ಲಿ 35 ಡಿಗ್ರಿಲಿ 5% ಉಪ್ಪುನೀರು ಸಿಂಪಡಿಸೋ ಟೆಸ್ಟ್ ಇದೆ, ಎರಡು ಸ್ಟೀಲ್ ಹೋಲಿಸೋಕೆ ಒಳ್ಳೇದು, ಆದ್ರೆ ಅಲ್ಲಿನ ಗಂಟೆಗಳನ್ನ ಇಲ್ಲಿನ ವರ್ಷಕ್ಕೆ ಲೆಕ್ಕ ಹಾಕೋಕಾಗಲ್ಲ, ಇಲ್ಲಿ ಸ್ಟೀಲು ನೆನೆದು ಒಣಗಿ ಮತ್ತೆ ನೆನೆಯುತ್ತೆ. ಸ್ಕ್ರೂ ಬುಡದಲ್ಲಿ ಕಂದು ಕಲೆ ಕಂಡ್ರೆ ಡ್ರಾಯಿಂಗಲ್ಲೇ ಆ ಸ್ಕ್ರೂ ತೆಗೆದು ಸಂದಿ ಬಿಡದೆ ವೆಲ್ಡ್ ತೋರಿಸಿ, ಟ್ರೇಗೆ ನೀರು ಇಳಿಯೋಷ್ಟು ಇಳಿಜಾರು ಕೊಡಿ. ಅದಕ್ಕೂ ಕಲೆ ಬಂದ್ರೆ 316 ಗ್ರೇಡ್ ಸ್ಟೀಲ್ ಹಾಕಿ, ಅದರಲ್ಲಿ 2ರಿಂದ 3% ಮಾಲಿಬ್ಡಿನಂ ಅನ್ನೋ ಲೋಹ ಇರೋದ್ರಿಂದ ಉಪ್ಪಿಗೆ 304ಕ್ಕಿಂತ ಚೆನ್ನಾಗಿ ತಡೆಯುತ್ತೆ. ರೇಟು ಜಾಸ್ತಿ ನಿಜ, ಉಪ್ಪುನೀರು ನಿಲ್ಲೋ ಟ್ರೇಗೆ ಮಾತ್ರ ಸಾಕು, ಹೊರಗಿನ ಪೆಟ್ಟಿಗೆಗೆ ಬೇಡ.