ಕಾರಿಗೆ ತನ್ನ ಮೈ ಗೊತ್ತು, ಫೋನಿಗೆ ದಾರಿಯ ಸುದ್ದಿ ಗೊತ್ತು

ಒಮ್ಮೆ ಉದ್ದದ ಸುರಂಗವೊಂದರಲ್ಲಿ ಕಾರು ಓಡಿಸುತ್ತಿದ್ದೆ. ನಡುವೆ ದಾರಿ ಎರಡಾಗಿ ಕವಲೊಡೆದಿತ್ತು. ಫೋನಿನ ಮ್ಯಾಪ್ ನೋಡಿದರೆ ನೀಲಿ ಚುಕ್ಕೆ ಸುರಂಗದ ಬಾಯಲ್ಲೇ ನಿಂತುಬಿಟ್ಟಿತ್ತು. ಹಿಂದೆ ಲಾರಿ, ನಿಲ್ಲುವ ಹಾಗಿಲ್ಲ. ಎಡಕ್ಕೆ ಹೋದೆ. ಅದು ತಪ್ಪು ದಾರಿ. ಕೆಲವು ದಿನಗಳ ನಂತರ ಅದೇ ಸುರಂಗದಲ್ಲಿ ಸ್ನೇಹಿತರ ಕಾರಿನಲ್ಲಿ ಹೋದೆ. ಡ್ಯಾಶ್‌ಬೋರ್ಡಿನ ಮ್ಯಾಪ್‌ನಲ್ಲಿ ಬಾಣ ಎಲ್ಲೂ ನಿಲ್ಲಲಿಲ್ಲ. ಕವಲು ಬರುವ ಮೊದಲೇ ಬಲಕ್ಕೆ ಹೋಗಿ ಎಂದಿತು. ಆ ಕಾರಿಗೂ ಸುರಂಗದೊಳಗೆ ಉಪಗ್ರಹ ಸಿಗುತ್ತಿರಲಿಲ್ಲ. ಹಾಗಿದ್ದರೆ ತಾನೆಲ್ಲಿದ್ದೇನೆ ಅಂತ ಅದಕ್ಕೆ ಹೇಗೆ ಗೊತ್ತಾಯಿತು?

ಜಿಪಿಎಸ್ ಉಪಗ್ರಹಗಳು ನಮ್ಮಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ತೀರಾ ಬಡವಾಗಿರುತ್ತದೆ. ಒಂದು ವ್ಯಾಟ್ ಶಕ್ತಿಯನ್ನು ನೂರು ಕೋಟಿ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ತೆಗೆದುಕೊಳ್ಳಿ. ಆಂಟೆನಾಗೆ ಸಿಗುವುದು ಹೆಚ್ಚುಕಡಿಮೆ ಅಷ್ಟೇ. ಕಾರಿನ ತಗಡು, ಕೆಲವು ಮುಂಗಾಜಿನ ಮೇಲಿರುವ ಲೋಹದ ತೆಳು ಲೇಪ, ಎಲ್ಲವೂ ಅದರಲ್ಲಿ ಒಂದಿಷ್ಟನ್ನು ತಿಂದುಹಾಕುತ್ತವೆ. ಸುರಂಗದೊಳಗೆ ಏನೂ ಉಳಿಯುವುದಿಲ್ಲ. ಈ ವಿಷಯದಲ್ಲಿ ಕಾರಿಗೆ ಅನುಕೂಲ ಜಾಸ್ತಿ. ಹಲವು ಕಾರುಗಳ ಮಾಡಿನ ಮೇಲೆ ಮೀನಿನ ರೆಕ್ಕೆಯಂತೆ ಎದ್ದಿರುತ್ತದಲ್ಲ, ಅದರೊಳಗೆ ಆಕಾಶಕ್ಕೆ ಮುಖ ಮಾಡಿದ ಆಂಟೆನಾ ಇರುತ್ತದೆ. ಫೋನಿನ ಆಂಟೆನಾ ತೀರಾ ಚಿಕ್ಕದು. ಕ್ಯಾಮೆರಾ, ಬ್ಯಾಟರಿ, ವೈಫೈ ಎಲ್ಲದರ ನಡುವೆ ಅದು ಜಾಗ ಹಂಚಿಕೊಂಡು ಕೂತಿರುತ್ತದೆ.

ಆದರೆ ಸುರಂಗದಲ್ಲಿ ಕಾರಿನ ಕೈ ಹಿಡಿದದ್ದು ಆಂಟೆನಾ ಅಲ್ಲ, ಚಕ್ರ.

ಕಾರಿನ ಚಕ್ರ ಒಂದು ಸುತ್ತು ಸುತ್ತಿದರೆ ಕಾರು ಸುಮಾರು 2 ಮೀಟರ್ ಮುಂದೆ ಹೋಗುತ್ತದೆ. ಚಕ್ರ ಎಷ್ಟು ಸುತ್ತಿತು ಎಂದು ಎಣಿಸುವ ಸೆನ್ಸರ್‌ಗಳು ಬ್ರೇಕಿನ ಎಬಿಎಸ್ ವ್ಯವಸ್ಥೆಗಾಗಿ ಹೇಗೂ ಇರುತ್ತವೆ. ಎಡ ತಿರುವಿನಲ್ಲಿ ಬಲಗಡೆಯ ಚಕ್ರಗಳು ಜಾಸ್ತಿ ದೂರ ಓಡುತ್ತವೆ, ಎಡಗಡೆಯವು ಕಡಿಮೆ. ಆ ವ್ಯತ್ಯಾಸದಿಂದಲೇ ತಿರುವನ್ನು ಲೆಕ್ಕ ಹಾಕಬಹುದು. ಜೊತೆಗೆ ದಿಕ್ಕು ಬದಲಾಗುವುದನ್ನು ಅಳೆಯುವ ಗೈರೊಸ್ಕೋಪ್ ಇರುತ್ತದೆ. ಎಷ್ಟು ದೂರ ಬಂದೆ, ಎತ್ತ ತಿರುಗಿದೆ, ಇವೆರಡು ಗೊತ್ತಿದ್ದರೆ ಕಣ್ಣು ಮುಚ್ಚಿಕೊಂಡೂ ಎಲ್ಲಿದ್ದೇನೆ ಎಂದು ಹೇಳಬಹುದು. ಕತ್ತಲಲ್ಲಿ ಹೆಜ್ಜೆ ಎಣಿಸಿಕೊಂಡು ಅಡುಗೆಮನೆಗೆ ಹೋಗುತ್ತೇವಲ್ಲ, ಹಾಗೆ. ಹಡಗಿನವರು ನೂರಾರು ವರ್ಷ ಹೀಗೇ ಸಮುದ್ರ ದಾಟಿದರು. ಇದಕ್ಕೆ ಡೆಡ್ ರೆಕನಿಂಗ್ ಎಂಬ ಹೆಸರಿದೆ.

ಫೋನಿನಲ್ಲೂ ಗೈರೊಸ್ಕೋಪ್ ಇದೆ, ವೇಗದ ಏರಿಳಿತ ಅಳೆಯುವ ಆಕ್ಸೆಲೆರೊಮೀಟರ್ ಕೂಡ ಇದೆ. ಅದೇಕೆ ಈ ಲೆಕ್ಕ ಮಾಡಬಾರದು? ಮಾಡಬಹುದು, ಆದರೆ ಬೇಗ ದಾರಿ ತಪ್ಪುತ್ತದೆ. ಫೋನಿಗೆ ಚಕ್ರವಿಲ್ಲ. ಅದು ಏರಿಳಿತದಿಂದ ವೇಗ, ವೇಗದಿಂದ ದೂರ ಎಂದು ಎರಡು ಸಲ ಕೂಡಬೇಕು. ಆಕ್ಸೆಲೆರೊಮೀಟರಿನ ಸಣ್ಣ ತಪ್ಪಿನಿಂದ ವೇಗದ ಲೆಕ್ಕ ಪ್ರತಿ ಸೆಕೆಂಡು ಕಳೆದಂತೆ ಸೆಕೆಂಡಿಗೆ ಕೇವಲ 5 ಸೆಂಟಿಮೀಟರ್‌ನಷ್ಟು ಏರುತ್ತಾ ಹೋಯಿತು ಎಂದಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ದೂರದ ತಪ್ಪು 90 ಮೀಟರ್ ಆಗುತ್ತದೆ. ಎರಡು ನಿಮಿಷಕ್ಕೆ ಅದರ ದುಪ್ಪಟ್ಟಲ್ಲ, ನಾಲ್ಕು ಪಟ್ಟು! ಚಕ್ರದ ಲೆಕ್ಕದಲ್ಲಿ ಹೀಗಾಗುವುದಿಲ್ಲ. ಟಯರು ಸವೆದು ನೂರಕ್ಕೆ ಒಂದರಷ್ಟು ತಪ್ಪಾದರೂ ಒಂದು ಕಿಲೋಮೀಟರಿಗೆ 10 ಮೀಟರ್ ಮಾತ್ರ. ಫೋನಿಗೆ ಚಕ್ರದ ಲೆಕ್ಕ ಇಲ್ಲದ್ದಕ್ಕೇ ಕೆಲವು ಆ್ಯಪ್‌ಗಳು ಸುರಂಗದಲ್ಲಿ ಹಿಂದಿನ ವೇಗವೇ ಮುಂದುವರಿದಿದೆ ಎಂದು ಭಾವಿಸಿ ಚುಕ್ಕೆಯನ್ನು ಮುಂದೆ ತಳ್ಳುತ್ತವೆ. ಕೆಲವು ಸುರಂಗಗಳ ಗೋಡೆಗೆ ಬ್ಲೂಟೂತ್ ಸಾಧನ ಅಂಟಿಸಿ ಫೋನಿಗೆ ಜಾಗ ತಿಳಿಸುವ ಏರ್ಪಾಡೂ ಇದೆ.

ಕಾರಿನ ಈ ವಿದ್ಯೆ ಜಿಪಿಎಸ್‌ಗಿಂತ ಹಳೆಯದು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. 1981ರಲ್ಲಿ ಹೋಂಡಾ ಕಂಪನಿ ಎಲೆಕ್ಟ್ರೋ ಗೈರೊಕೇಟರ್ ಎಂಬ ಸಾಧನ ತಂದಿತು. ಅದರೊಳಗೆ ಹೀಲಿಯಂ ಅನಿಲದ ಸಣ್ಣ ಧಾರೆ ಎರಡು ಬಿಸಿ ತಂತಿಗಳ ಮೇಲೆ ಬೀಳುತ್ತಿತ್ತು. ಕಾರು ತಿರುಗಿದರೆ ಧಾರೆ ಸ್ವಲ್ಪ ವಾಲುತ್ತಿತ್ತು, ಒಂದು ತಂತಿ ಇನ್ನೊಂದಕ್ಕಿಂತ ತಣ್ಣಗಾಗುತ್ತಿತ್ತು. ಆ ವ್ಯತ್ಯಾಸವೇ ತಿರುವಿನ ಅಳತೆ. ಮ್ಯಾಪ್ ಅಂದರೆ ಪಾರದರ್ಶಕ ಹಾಳೆ. ಅದನ್ನು ಸ್ಕ್ರೀನಿನ ಮೇಲೆ ಇಟ್ಟು, ಎಲ್ಲಿಂದ ಹೊರಟೆ ಎಂದು ಚಾಲಕನೇ ಹೊಂದಿಸಬೇಕಿತ್ತು. 1985ರಲ್ಲಿ ಅಮೆರಿಕದ ಈಟ್ಯಾಕ್ ಕಂಪನಿ ಮ್ಯಾಪನ್ನು ಕ್ಯಾಸೆಟ್ಟಿನಲ್ಲಿ ತುಂಬಿತು. ಅದರಲ್ಲೊಂದು ಜಾಣತನ ಇತ್ತು. ಕಾರು ಬಲಕ್ಕೆ ತಿರುಗಿತು, ಆದರೆ ಲೆಕ್ಕದ ಪ್ರಕಾರ ಅಲ್ಲಿ ರಸ್ತೆಯೇ ಇಲ್ಲ. ಹತ್ತು ಮೀಟರ್ ಮುಂದೆ ಒಂದು ರಸ್ತೆ ಇದೆ. ಹಾಗಿದ್ದರೆ ಕಾರು ಅದರ ಮೇಲೇ ಇರಬೇಕು ಅಲ್ವಾ? ಹೀಗೆ ಪ್ರತಿ ತಿರುವಿನಲ್ಲೂ ತಪ್ಪು ತಿದ್ದಿಕೊಳ್ಳುತ್ತಿತ್ತು. ಇಂದಿಗೂ ಕಾರು, ಫೋನು ಎರಡೂ ಈ ಉಪಾಯವನ್ನು ಬಳಸುತ್ತವೆ. ಜಿಪಿಎಸ್ ಕಾರಿನೊಳಗೆ ಬಂದದ್ದು 1990ರಲ್ಲಿ, ಮಜ್ದಾ ಕಂಪನಿಯ ಕಾರೊಂದರಲ್ಲಿ. ಆಗ ಜನಸಾಮಾನ್ಯರಿಗೆ ಸಿಗುವ ಸಿಗ್ನಲ್‌ನ ನಿಖರತೆಯನ್ನು ಅಮೆರಿಕದ ಸೇನೆ ಬೇಕೆಂದೇ ಕೆಡಿಸುತ್ತಿತ್ತು. ನೂರು ಮೀಟರ್ ಆಚೀಚೆ ಆಗುವುದು ಮಾಮೂಲು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆಯೇ ಎಲ್ಲರಿಗೂ ರಸ್ತೆ ಸರಿಯಾಗಿ ಕಂಡಿತು.

ಇಷ್ಟೆಲ್ಲ ಇದ್ದರೂ ಜನ ಯಾಕೆ ಫೋನಿನತ್ತ ವಾಲಿದರು? 2009ರಲ್ಲಿ ಗೂಗಲ್ ತಿರುವು ತಿರುವಿಗೂ ದಾರಿ ಹೇಳುವ ಸೌಲಭ್ಯವನ್ನು ಪುಕ್ಕಟೆ ಕೊಟ್ಟಿತು, ಅದೊಂದು ಕಾರಣ. ಆದರೆ ದುಡ್ಡಿಗಿಂತ ದೊಡ್ಡ ಕಾರಣ ಬೇರೆ ಇದೆ. ಕಾರಿಗೆ ತನ್ನ ಬಗ್ಗೆ ಮಾತ್ರ ಗೊತ್ತು. ಫೋನಿಗೆ ಬೇರೆಯವರ ಬಗ್ಗೆ ಗೊತ್ತು. ಮುಂದಿನ ಸೇತುವೆಯ ಮೇಲೆ ಸಾವಿರ ಫೋನುಗಳು ಆಮೆಯಂತೆ ತೆವಳುತ್ತಿದ್ದರೆ ಅಲ್ಲಿ ಟ್ರಾಫಿಕ್ ಜಾಮ್ ಆಗಿದೆ ಎಂದೇ ಅರ್ಥ. ಯಾರೂ ಯಾರಿಗೂ ಹೇಳಬೇಕಿಲ್ಲ, ಲೊಕೇಶನ್ ಆನ್ ಆಗಿರುವ ಫೋನ್ ಜೇಬಿನಲ್ಲಿ ಸುಮ್ನೆ ಇದ್ದರೆ ಸಾಕು. ಹಳೆಯ ಕಾರುಗಳಿಗೂ ಟ್ರಾಫಿಕ್ ಸುದ್ದಿ ಬರುತ್ತಿತ್ತು. ಎಫ್‌ಎಂ ರೇಡಿಯೊ ಅಲೆಯೊಳಗೆ ಕಿವಿಗೆ ಕೇಳದ ಸಂಕೇತವಾಗಿ ಕಳಿಸುತ್ತಿದ್ದರು. ಆದರೆ ಅದು ಮುಖ್ಯವಾಗಿ ದೊಡ್ಡ ರಸ್ತೆಗಳ ಸುದ್ದಿ.

ಈ ಸುದ್ದಿ ಎಷ್ಟರ ಮಟ್ಟಿಗೆ ಫೋನುಗಳದ್ದೇ ಎಂದು ಬರ್ಲಿನ್‌ನ ಕಲಾವಿದ ಸೈಮನ್ ವೆಕರ್ಟ್ 2020ರಲ್ಲಿ ತೋರಿಸಿದರು. ಒಂದು ಕೈಗಾಡಿಯಲ್ಲಿ 99 ಫೋನುಗಳನ್ನು ತುಂಬಿಕೊಂಡು ಖಾಲಿ ರಸ್ತೆಯಲ್ಲಿ ನಿಧಾನವಾಗಿ ನಡೆದರು. ಮ್ಯಾಪ್‌ನಲ್ಲಿ ಆ ರಸ್ತೆ ಕೆಂಪಾಯಿತು! ಇದರ ಇನ್ನೊಂದು ಮುಖವೂ ಇದೆ. ಎಲ್ಲರಿಗೂ ಒಂದೇ ಒಳದಾರಿ ಹೇಳಿದರೆ ಎಲ್ಲರೂ ಅಲ್ಲಿಗೇ ನುಗ್ಗುತ್ತಾರೆ. ಅಮೆರಿಕದ ನ್ಯೂಜೆರ್ಸಿಯ ಲಿಯೋನಿಯಾ ಎಂಬ ಸಣ್ಣ ಊರು ಇದರಿಂದ ಬೇಸತ್ತು, 2018ರಲ್ಲಿ ಸುಮಾರು 60 ಬೀದಿಗಳನ್ನು ದಟ್ಟಣೆಯ ಹೊತ್ತಿನಲ್ಲಿ ಹೊರಗಿನವರಿಗೆ ಮುಚ್ಚಿತು. ನಮಗೆ ಐದು ನಿಮಿಷ ಉಳಿಸುವ ದಾರಿ ಯಾರದೋ ಮನೆಯ ಮುಂದೆ ಹಾದುಹೋಗುತ್ತದೆ ಎನ್ನುವುದನ್ನು ಆ್ಯಪ್ ಮಾಡುವವರು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂದು ನನಗನಿಸುತ್ತದೆ.

ಫೋನಿಗೆ ವಯಸ್ಸಿನ ಅನುಕೂಲವೂ ಇದೆ. ಅದನ್ನು ಕೆಲವೇ ವರ್ಷಕ್ಕೆ ಬದಲಿಸುತ್ತೇವೆ, ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುತ್ತೇವೆ. ಕಾರಿನ ಮ್ಯಾಪ್, ಚಿಪ್ ಎಲ್ಲವೂ ಅದರೊಂದಿಗೇ ಹಳತಾಗುತ್ತವೆ. 2018ರಿಂದ ಬಂದ ಅನೇಕ ಫೋನುಗಳು ಉಪಗ್ರಹದ ಎರಡು ಬೇರೆ ಬೇರೆ ತರಂಗಗಳನ್ನು ಕೇಳಬಲ್ಲವು. ಎತ್ತರದ ಕಟ್ಟಡಗಳಿಗೆ ಬಡಿದು ಬರುವ ಸಿಗ್ನಲ್ ಯಾವುದು, ನೇರ ಬಂದದ್ದು ಯಾವುದು ಎಂದು ಗುರುತಿಸಲು ಇದರಿಂದ ಸಹಾಯವಾಗುತ್ತದೆ. ಅಂಥ ಬೀದಿಗಳಲ್ಲಿ ಹೊಸ ಫೋನು ಹಳೆಯ ಕಾರನ್ನು ಸೋಲಿಸಿದರೆ ಆಶ್ಚರ್ಯವಿಲ್ಲ. ಇನ್ನೊಂದು ಮಾತು. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ನಿಜವಲ್ಲ. ಉಪಗ್ರಹ ತಾನೆಲ್ಲಿದ್ದೇನೆ ಎಂಬ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್‌ನಂತೆ ಕಳಿಸುತ್ತದೆ, ಪೂರ್ತಿ ಕೇಳಿಸಿಕೊಳ್ಳಲು ಅರ್ಧ ನಿಮಿಷ ಬೇಕು. ನೆಟ್‌ವರ್ಕ್ ಇದ್ದರೆ ಫೋನು ಆ ವಿವರವನ್ನು ಅಲ್ಲಿಂದಲೇ ಬೇಗ ತರಿಸಿಕೊಳ್ಳುತ್ತದೆ, ಅಷ್ಟೇ. ಮ್ಯಾಪ್ ಮೊದಲೇ ಡೌನ್‌ಲೋಡ್ ಆಗಿದ್ದರೆ ಕಾಡಿನ ನಡುವೆಯೂ ಚುಕ್ಕೆ ಸರಿಯಾಗೇ ಚಲಿಸುತ್ತದೆ.

ಹಾಗಂತ ಕಾರಿನೊಳಗಿನ ಮ್ಯಾಪ್ ಮೂಲೆ ಸೇರಿಲ್ಲ. ವಿದ್ಯುತ್ ಕಾರುಗಳಲ್ಲಿ ಅದಕ್ಕೆ ಹೊಸ ಕೆಲಸ ಸಿಕ್ಕಿದೆ. ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ, ಹೊರಗೆ ಎಷ್ಟು ಚಳಿ, ಎಸಿ ಎಷ್ಟು ಎಳೆಯುತ್ತಿದೆ ಎಂಬುದು ಕಾರಿಗೆ ಗೊತ್ತು. ಮುಂದೆ ಎಷ್ಟು ಏರು ಇದೆ ಎಂದು ಮ್ಯಾಪ್ ಹೇಳುತ್ತದೆ. ಎರಡನ್ನೂ ಕೂಡಿಸಿ ಎಲ್ಲಿ ಚಾರ್ಜ್ ಮಾಡಬೇಕು ಎಂದು ನಿರ್ಧರಿಸುತ್ತದೆ. ತಣ್ಣಗಿರುವ ಬ್ಯಾಟರಿ ಬೇಗ ಚಾರ್ಜ್ ಆಗುವುದಿಲ್ಲ. ಹೀಗಾಗಿ ಚಾರ್ಜರ್ ಹತ್ತಿರವಾಗುತ್ತಿದೆ ಎಂದು ಗೊತ್ತಾದ ಕೂಡಲೇ ಹಲವು ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಬಿಸಿ ಮಾಡಿಕೊಳ್ಳುತ್ತವೆ. ಕಾರಿನ ಜೊತೆ ಮಾತಾಡದ ಫೋನಿನಿಂದ ಇದು ಸಾಧ್ಯವೇ ಇಲ್ಲ.

ಹೀಗಾಗಿ ಎರಡರಲ್ಲಿ ಯಾವುದು ಎಂದು ನನ್ನನ್ನು ಕೇಳಿದರೆ, ಎರಡನ್ನೂ ಮಾತಾಡಲು ಬಿಡಿ ಎನ್ನುತ್ತೇನೆ. ಆ್ಯಪಲ್ ಕಾರ್‌ಪ್ಲೇ 2014ರಲ್ಲಿ, ಆಂಡ್ರಾಯ್ಡ್ ಆಟೊ 2015ರಲ್ಲಿ ಬಂದವು. ಇವು ಫೋನಿನ ಮ್ಯಾಪನ್ನು ಕಾರಿನ ದೊಡ್ಡ ಸ್ಕ್ರೀನಿಗೆ ತರುತ್ತವೆ ಎಂದಷ್ಟೇ ತುಂಬ ಜನ ತಿಳಿದಿದ್ದಾರೆ. ಸೌಲಭ್ಯವಿರುವ ಕಾರುಗಳಲ್ಲಿ ಮಾತು ಎರಡೂ ಕಡೆ ಹರಿಯುತ್ತದೆ. ಕಾರು ತನ್ನ ಆಂಟೆನಾದ ಸಿಗ್ನಲ್ಲನ್ನೂ ಚಕ್ರದ ವೇಗವನ್ನೂ ಫೋನಿಗೆ ಕೊಡಬಲ್ಲದು. ಆಗ ಫೋನಿಗೂ ಚಕ್ರ ಬಂದಂತಾಯಿತು.

ಇದ್ಯಾವುದೂ ಇಲ್ಲದ ಹಳೆಯ ಕಾರು ನನ್ನದು. ಈಗ ಸುರಂಗ ಹತ್ತಿರವಾಗುವ ಮುಂಚೆ, ಜಾಗ ನೋಡಿ ಬದಿಗೆ ನಿಲ್ಲಿಸಿ, ಆ್ಯಪ್‌ನಲ್ಲಿ ತಿರುವುಗಳ ಪಟ್ಟಿ ತೆರೆಯುತ್ತೇನೆ. ಒಳಗೆ ಕವಲಿದ್ದರೆ ಎಷ್ಟು ದೂರದಲ್ಲಿ, ಯಾವ ಕಡೆ ಎಂದು ನೋಡಿಕೊಂಡು, ಓಡಿದ ದೂರ ತೋರಿಸುವ ಓಡೊಮೀಟರಿನ ಅಂಕಿ ನೆನಪಿಟ್ಟುಕೊಂಡು ಹೊರಡುತ್ತೇನೆ.